ಕಾಫಿ ಚೀಲ, ಡಾಲರ್ ಮತ್ತು ಯಾಜಮಾನ್ಯ: ಅಂತಾರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರದ ವಿಮರ್ಶಾತ್ಮಕ ಸಿದ್ಧಾಂತಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವವರು, ಆಗೊಮ್ಮೆ ಈಗೊಮ್ಮೆ ಮಲೆನಾಡಿನ ಕಾಫಿ ಬೆಳೆಗಾರರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿ ಉತ್ತರಿಸಲಾಗಿದೆ. ಉದಾಹರಣೆಗಳಲ್ಲಿ ಹೆಚ್ಚಿನವು ಕಾಫಿಗೆ ಸಂಬಂಧಿಸಿದವು. ಈ ವಿಷಯದ ಪುಸ್ತಕಗಳಲ್ಲಿ ಬರುವ ಬಹುತೇಕ ಪರಿಕಲ್ಪನೆಗಳನ್ನು ಕೈಯಲ್ಲಿ ಹಿಡಿದು ತೋರಿಸಲು ಕರ್ನಾಟಕದವರಿಗೆ ಇದಕ್ಕಿಂತ ಹತ್ತಿರದ ಸರಕು ಇನ್ನೊಂದಿಲ್ಲ.

ಅಂತಾರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರ ಎಂದರೆ ಏನು?

ಮೂಡಿಗೆರೆಯ ಕಡೆ ಐದಾರು ಎಕರೆ ರೊಬಸ್ಟಾ ತೋಟವಿರುವ ಬೆಳೆಗಾರರು ಕೊಯ್ಲಿನ ತಿಂಗಳುಗಳಲ್ಲಿ ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ಮೊದಲು ನೋಡುವುದು ಹಿಂದಿನ ರಾತ್ರಿ ಲಂಡನ್ ಮಾರುಕಟ್ಟೆ ಎಷ್ಟಕ್ಕೆ ನಿಂತಿತು ಎಂಬುದನ್ನು. ಅಲ್ಲಿ ಟನ್ನಿಗೆ ಇಷ್ಟು ಡಾಲರ್ ಎಂದು ನಿಂತ ದರವೇ ರೂಪಾಯಿಯ ವಿನಿಮಯ ದರ, ಕ್ಯೂರಿಂಗ್ (ಸಿಪ್ಪೆ ತೆಗೆದು ಹಸನು ಮಾಡುವ) ಖರ್ಚು, ಸಾಗಣೆ, ವ್ಯಾಪಾರಿಯ ಲಾಭ ಎಲ್ಲವನ್ನೂ ಕಳೆದುಕೊಂಡು ಬಂದು, ಊರಿನ ಕಾಫಿ ವ್ಯಾಪಾರಿ 50 ಕೆ.ಜಿ. ಚೀಲದ ಚೆರಿಗೆ, ಅಂದರೆ ಒಣಗಿಸಿದ ಕಾಫಿ ಹಣ್ಣಿಗೆ, ಹೇಳುವ ದರವಾಗುತ್ತದೆ. ಈ ದರ ಹೇಗೆ ಬಂತು ಎಂದು ಅರ್ಥಶಾಸ್ತ್ರದವರನ್ನು ಕೇಳಿದರೆ ಬ್ರೆಜಿಲ್‌ನ ಮಳೆ, ವಿಯೆಟ್ನಾಂನ ದಾಸ್ತಾನು, ಪೂರೈಕೆ, ಬೇಡಿಕೆ ಎನ್ನುತ್ತಾರೆ. ಅದು ಸರಿಯೇ. ಆದರೆ ದರ ಲಂಡನ್ನಿನಲ್ಲೇ ಏಕೆ ನಿಲ್ಲಬೇಕು, ಡಾಲರಿನಲ್ಲೇ ಏಕೆ ಎಣಿಸಬೇಕು, ಒಂದು ಕಾಫಿ ಗಿಡವನ್ನೂ ಬೆಳೆಯದ ಜರ್ಮನಿ ಕಾಫಿಯ ದೊಡ್ಡ ರಫ್ತುದಾರ ದೇಶಗಳಲ್ಲಿ ಒಂದಾದದ್ದು ಹೇಗೆ ಎಂದು ಕೇಳಿದರೆ ಪೂರೈಕೆ-ಬೇಡಿಕೆಯ ರೇಖೆಗಳಲ್ಲಿ ಉತ್ತರ ಸಿಗುವುದಿಲ್ಲ. ಯುದ್ಧ, ಒಪ್ಪಂದ, ರಾಯಭಾರಗಳನ್ನು ಮಾತ್ರ ಓದುವ ಅಂತಾರಾಷ್ಟ್ರೀಯ ಸಂಬಂಧಗಳ ಶಾಸ್ತ್ರದಲ್ಲೂ ಸಿಗುವುದಿಲ್ಲ.

ಈ ಎರಡು ಶಾಸ್ತ್ರಗಳು ಒಂದನ್ನೊಂದು ಅಲಕ್ಷಿಸುತ್ತಿವೆ ಎಂದು ಬ್ರಿಟನ್ನಿನ ಸೂಸನ್ ಸ್ಟ್ರೇಂಜ್ 1970ರಲ್ಲಿ ದೂರಿದರು. ಮರುವರ್ಷವೇ, 1971ರ ಆಗಸ್ಟ್ 15ರಂದು, ಅಮೆರಿಕದ ಅಧ್ಯಕ್ಷ ನಿಕ್ಸನ್ ಡಾಲರಿಗೂ ಚಿನ್ನಕ್ಕೂ ಇದ್ದ ಗಂಟನ್ನು ಬಿಚ್ಚಿದರು. 1973ರ ಕೊನೆಗೆ ತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು. ಆಮೇಲೆ ಅರ್ಥಶಾಸ್ತ್ರವನ್ನೂ ಅಂತಾರಾಷ್ಟ್ರೀಯ ರಾಜಕೀಯವನ್ನೂ ಬೇರೆ ಬೇರೆ ಕೋಣೆಯಲ್ಲಿ ಕುಳಿತು ಓದಬಹುದೆಂದು ವಾದಿಸುವವರು ಕಡಿಮೆಯಾದರು. ಇವೆರಡನ್ನೂ ಒಟ್ಟಿಗೆ ಓದುವುದೇ ಅಂತಾರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರ.

‘ವಿಮರ್ಶಾತ್ಮಕ’ ಎಂದರೆ ತಪ್ಪು ಹುಡುಕುವುದೇ?

ಅಲ್ಲ. ಕನ್ನಡದಲ್ಲಿ ‘ವಿಮರ್ಶೆ’ ಎಂದೊಡನೆ ಸಾಹಿತ್ಯ ವಿಮರ್ಶೆ ನೆನಪಾಗುತ್ತದೆ, ಮತ್ತು ಆ ನೆನಪು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಳ್ಳೆಯ ವಿಮರ್ಶಕ ಕೃತಿ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳಿ ಎದ್ದು ಹೋಗುವುದಿಲ್ಲ. ಅದು ಯಾವ ಕಾಲದಲ್ಲಿ, ಯಾವ ನಂಬಿಕೆಗಳ ಮೇಲೆ ನಿಂತಿದೆ ಎಂದು ಬಿಡಿಸಿ ನೋಡುತ್ತಾನೆ. ಕೆನಡಾದ ರಾಬರ್ಟ್ ಕಾಕ್ಸ್ 1981ರ ಪ್ರಬಂಧವೊಂದರಲ್ಲಿ ಮಾಡಿದ ವಿಂಗಡಣೆ ಇದಕ್ಕೆ ಹತ್ತಿರವಾಗಿದೆ. ಇರುವ ವ್ಯವಸ್ಥೆಯನ್ನು ಇದ್ದ ಹಾಗೆಯೇ ಒಪ್ಪಿಕೊಂಡು, ಅದರೊಳಗಿನ ತೊಡಕುಗಳನ್ನು ಬಿಡಿಸಿ ಅದು ಸರಾಗವಾಗಿ ನಡೆಯುವಂತೆ ಮಾಡುವುದು ಸಮಸ್ಯೆ ಪರಿಹಾರದ ಸಿದ್ಧಾಂತ. ಈ ವ್ಯವಸ್ಥೆ ಹುಟ್ಟಿದ್ದು ಹೇಗೆ, ಇದರಿಂದ ಯಾರಿಗೆ ಏನು ದಕ್ಕುತ್ತಿದೆ, ಇದು ಬದಲಾಗುವ ಲಕ್ಷಣಗಳು ಎಲ್ಲಿವೆ ಎಂದು ಕೇಳುವುದು ವಿಮರ್ಶಾತ್ಮಕ ಸಿದ್ಧಾಂತ. ಸಿದ್ಧಾಂತ ಎಂಬುದು ಯಾವಾಗಲೂ ಯಾರದೋ ಪರವಾಗಿ, ಯಾವುದೋ ಉದ್ದೇಶಕ್ಕಾಗಿ ಇರುತ್ತದೆ ಎಂಬ, ಈಗ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಸವೆದುಹೋಗಿರುವ ಮಾತು ಬಂದದ್ದು ಅದೇ ಪ್ರಬಂಧದಲ್ಲಿ.

ಬೆಲೆ ಕುಸಿದಾಗ ಬೆಳೆಗಾರರಿಗೆ ಸಾಲದ ಕಂತು ಮುಂದೂಡುವುದು ಹೇಗೆ ಎಂಬುದು ಮೊದಲ ಬಗೆಯ ಪ್ರಶ್ನೆ. ಬೆಲೆಯ ಏರಿಳಿತದ ಹೊರೆ ಯಾವಾಗಲೂ ಬೆಳೆಗಾರರ ಮತ್ತು ಕೂಲಿಯವರ ತಲೆಗೇ ಬಂದು ಕೂರುವಂತೆ ನಿಯಮಗಳು ರೂಪುಗೊಂಡದ್ದು ಹೇಗೆ ಎಂಬುದು ಎರಡನೆಯ ಬಗೆಯದು. ಮೊದಲ ಪ್ರಶ್ನೆ ಕೀಳು, ಎರಡನೆಯದು ಮೇಲು ಎಂದು ಕಾಕ್ಸ್ ಹೇಳಲಿಲ್ಲ. ಸಾಲದ ಕಂತು ಕಟ್ಟಬೇಕಾದವರಿಗೆ ಮೊದಲನೆಯದೇ ಹೆಚ್ಚು ತುರ್ತಿನದು.

ಕಾಕ್ಸ್ ಅವರ ಹಿನ್ನೆಲೆ ಏನು? ಅವರ ಚೌಕಟ್ಟನ್ನು ಸರಳವಾಗಿ ವಿವರಿಸಬಹುದೇ?

ಅವರು ವಿಶ್ವವಿದ್ಯಾಲಯದಿಂದ ನೇರವಾಗಿ ಬಂದವರಲ್ಲ. ಸುಮಾರು ಕಾಲು ಶತಮಾನ ಜಿನೀವಾದ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯಲ್ಲಿ ಅಧಿಕಾರಿಯಾಗಿದ್ದು, 1972ರಲ್ಲಿ ಅಲ್ಲಿಂದ ಹೊರಬಂದು, ಮುಂದೆ ಟೊರಾಂಟೋದಲ್ಲಿ ಪಾಠ ಹೇಳಿದರು. ಸರ್ಕಾರ, ಮಾಲೀಕ, ಕಾರ್ಮಿಕ ಮೂವರೂ ಒಂದೇ ಮೇಜಿನ ಸುತ್ತ ಕೂರುವ ಸಂಸ್ಥೆಯ ಒಳಗಿದ್ದು ಕಂಡದ್ದು ಅವರ ಬರವಣಿಗೆಯಲ್ಲಿ ಉದ್ದಕ್ಕೂ ಕಾಣುತ್ತದೆ. ಒಂದು ಕಾಲದ ಲೋಕವ್ಯವಸ್ಥೆಯನ್ನು ಅರಿಯಲು ಭೌತಿಕ ಬಲ, ವಿಚಾರಗಳು ಮತ್ತು ಸಂಸ್ಥೆಗಳು ಎಂಬ ಮೂರನ್ನೂ ಒಟ್ಟಿಗೆ ನೋಡಬೇಕು ಎಂಬುದು ಅವರ ಚೌಕಟ್ಟು. ಉತ್ಪಾದನೆಯ ಸುತ್ತ ಹುಟ್ಟುವ ಸಾಮಾಜಿಕ ಶಕ್ತಿಗಳು, ಪ್ರಭುತ್ವದ ರೂಪ, ಲೋಕದ ವ್ಯವಸ್ಥೆ ಎಂಬ ಮೂರು ಮಟ್ಟಗಳಲ್ಲೂ ಈ ಮೂರನ್ನು ಹುಡುಕಬೇಕು. ಇವುಗಳಲ್ಲಿ ಯಾವುದೂ ಇನ್ನೊಂದರ ನೆರಳಲ್ಲ. ಚಿತ್ರ ಬರೆದು ಬಾಣ ಎಳೆದು ಇದನ್ನು ಕಲಿಯುವುದಕ್ಕಿಂತ ಒಂದು ಉದಾಹರಣೆ ಹಿಡಿಯುವುದು ಒಳಿತು.

ಹಾಗಾದರೆ ಕಾಫಿಯ ಬೆಲೆಯನ್ನು ಈ ದೃಷ್ಟಿಯಿಂದ ವಿವರಿಸುವುದು ಹೇಗೆ?

ಕಾಫಿಯ ಬೆಲೆ ಯಾವಾಗಲೂ ಈಗಿನಂತೆ ಮಾರುಕಟ್ಟೆಯ ಕೈಯಲ್ಲಿ ಇರಲಿಲ್ಲ ಎಂಬುದರಿಂದ ಆರಂಭಿಸಬೇಕು. 1962ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದವಾಯಿತು. ಬೆಳೆಯುವ ಪ್ರತಿಯೊಂದು ದೇಶವೂ ಎಷ್ಟು ಕಾಫಿ ರಫ್ತು ಮಾಡಬಹುದು ಎಂಬ ಕೋಟಾ ಅದರಲ್ಲಿತ್ತು. ಬೆಲೆ ಇಳಿದರೆ ಕೋಟಾ ಬಿಗಿಯಾಗುತ್ತಿತ್ತು, ಏರಿದರೆ ಸಡಿಲವಾಗುತ್ತಿತ್ತು. 1980ರ ದಶಕದಲ್ಲಿ ಪೌಂಡಿಗೆ 120ರಿಂದ 140 ಅಮೆರಿಕನ್ ಸೆಂಟ್‌ಗಳ ನಡುವೆ ಬೆಲೆಯನ್ನು ಹಿಡಿದಿಡುವುದು ಗುರಿಯಾಗಿತ್ತು. ಕೊಳ್ಳುವ ದೇಶಗಳು, ಅದರಲ್ಲೂ ಎಲ್ಲರಿಗಿಂತ ಹೆಚ್ಚು ಕೊಳ್ಳುತ್ತಿದ್ದ ಅಮೆರಿಕ, ತಾನು ಹೆಚ್ಚು ಬೆಲೆ ತೆರಬೇಕಾಗುವ ಇಂಥ ಒಪ್ಪಂದಕ್ಕೆ ಏಕೆ ಸಹಿ ಹಾಕಿತು? ಮಾರುಕಟ್ಟೆಯ ತರ್ಕದಲ್ಲಿ ಇದಕ್ಕೆ ಉತ್ತರವಿಲ್ಲ. 1959ರಲ್ಲಿ ಕ್ಯೂಬಾದಲ್ಲಿ ಕ್ರಾಂತಿಯಾಗಿತ್ತು. ಕಾಫಿಯ ಬೆಲೆ ಬಿದ್ದರೆ ಲ್ಯಾಟಿನ್ ಅಮೆರಿಕದ ಇನ್ನಷ್ಟು ದೇಶಗಳು ಅದೇ ದಾರಿ ಹಿಡಿದಾವು ಎಂಬ ಭಯ ವಾಷಿಂಗ್ಟನ್ನಿನಲ್ಲಿತ್ತು. ದೊಡ್ಡವನು ತನ್ನ ಲಾಭದಲ್ಲಿ ಒಂದಿಷ್ಟು ಬಿಟ್ಟುಕೊಟ್ಟು ಚಿಕ್ಕವರ ಸಮ್ಮತಿಯನ್ನು ಪಡೆಯುವ ಈ ಬಗೆಯನ್ನೇ ಕಾಕ್ಸ್ ಯಾಜಮಾನ್ಯ (ಇಂಗ್ಲಿಷಿನಲ್ಲಿ ಹೆಜಿಮನಿ) ಎನ್ನುವುದು.

ಶೀತಲ ಸಮರ ತಣ್ಣಗಾಗುತ್ತ ಬಂದಂತೆ ಆ ಭಯವೂ ಕರಗಿತು. 1989ರ ಜುಲೈನಲ್ಲಿ ಕೋಟಾಗಳು ರದ್ದಾದವು. ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ಅರ್ಧಕ್ಕಿಳಿಯಿತು. ನಡುವೆ ಬ್ರೆಜಿಲ್‌ನ ಹಿಮದಿಂದಾಗಿ ಒಮ್ಮೆ ಏರಿ, 2001ರ ಹೊತ್ತಿಗೆ ಸರಾಸರಿ ಪೌಂಡಿಗೆ 50 ಸೆಂಟ್‌ಗಳಿಗಿಂತ ಕೆಳಗೆ ಹೋಯಿತು. ಆ ವೇಳೆಗೆ ವಿಯೆಟ್ನಾಂ ಬ್ರೆಜಿಲ್‌ನ ನಂತರದ ಸ್ಥಾನಕ್ಕೆ ಬಂದಿತ್ತು.

ಕರ್ನಾಟಕದಲ್ಲಿ ಇದೇ ಕಥೆ ಇನ್ನೊಂದು ರೂಪದಲ್ಲಿ ನಡೆಯಿತು. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆಗಾರರು ತಮ್ಮ ಬೆಳೆಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ, ಒಪ್ಪಿಸಬೇಕಿತ್ತು. ಮಂಡಳಿ ಹರಾಜು ಮಾಡಿ ಹಣವನ್ನು ಕಂತುಗಳಲ್ಲಿ ಕೊಡುತ್ತಿತ್ತು. ಕಂತು ತಡವಾಗುತ್ತಿತ್ತು, ಬೆಳೆಗಾರರು ಗೊಣಗುತ್ತಿದ್ದರು. ಆದರೆ ಲಂಡನ್ನಿನ ರಾತ್ರಿಯ ಏರಿಳಿತ ತೋಟದ ಗೇಟಿನವರೆಗೆ ಬರುತ್ತಿರಲಿಲ್ಲ. ಕೋಟಾದ ಹೊರಗೆ ರೂಪಾಯಿ ವ್ಯವಹಾರದಲ್ಲಿ ಸೋವಿಯತ್ ಒಕ್ಕೂಟ ದೊಡ್ಡ ಗಿರಾಕಿಯಾಗಿತ್ತು. 1991ರಲ್ಲಿ ಆ ಗಿರಾಕಿಯೇ ಇಲ್ಲವಾಯಿತು. 1992ರಿಂದ 1996ರವರೆಗೆ ಪೂಲ್ ಪದ್ಧತಿಯನ್ನು ಹಂತಹಂತವಾಗಿ ತೆಗೆದುಹಾಕಲಾಯಿತು. ಬಿಡುಗಡೆ ಬೇಕೆಂದು ಬೆಳೆಗಾರರೇ ಕೇಳಿದ್ದರು ಎಂಬುದನ್ನು ಮರೆಯಬಾರದು. ತೊಂಬತ್ತರ ದಶಕದ ನಡುವಿನ ಒಳ್ಳೆಯ ಬೆಲೆಯಲ್ಲಿ ತೋಟಗಳಿಗೆ ಜೀಪು ಬಂದವು, ಮನೆಗಳು ಎದ್ದವು. 2000ದ ನಂತರ ಅದೇ ಮನೆಗಳಿಗೆ ಬ್ಯಾಂಕಿನ ನೋಟಿಸುಗಳೂ ಬಂದವು. 2025ರ ಆರಂಭದಲ್ಲಿ ಲಂಡನ್ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿ ನಿಂತಾಗ ಈ ಹಳೆಯ ಕಥೆಯನ್ನು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ.

ಇನ್ನೊಂದು ಸಣ್ಣ ವಿವರ. ಯುರೋಪಿಯನ್ ಒಕ್ಕೂಟ ಹಸಿರು ಕಾಫಿ ಬೀಜಕ್ಕೆ ಸುಂಕ ಹಾಕುವುದಿಲ್ಲ. ಹುರಿದ ಕಾಫಿಗೆ ಸಾಮಾನ್ಯ ದರ 7.5 ಶೇಕಡಾ. ಬೀಜವನ್ನು ಬೆಳೆದಲ್ಲೇ ಹುರಿದು ಕಳಿಸಬೇಡಿ, ಹಾಗೆಯೇ ಕಳಿಸಿ ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಸುಂಕದ ಪಟ್ಟಿ ಹೇಳುತ್ತದೆ. ಜರ್ಮನಿಯ ರಫ್ತಿನ ಬಗ್ಗೆ ಮೊದಲು ಕೇಳಿದ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿದೆ.

ಅವಲಂಬನಾ ಸಿದ್ಧಾಂತ ಎಂದರೆ ಇದೇ ಏನು?

ಅದರ ಆರಂಭ ಇಲ್ಲೇ. ಅರ್ಜೆಂಟೀನಾದ ರೌಲ್ ಪ್ರೆಬಿಷ್ ಮತ್ತು ಜರ್ಮನಿಯಿಂದ ಬ್ರಿಟನ್ನಿಗೆ ಬಂದು ನೆಲಸಿದ ಹಾನ್ಸ್ ಸಿಂಗರ್ 1950ರ ಹೊತ್ತಿಗೆ ಬೇರೆ ಬೇರೆಯಾಗಿ ಒಂದೇ ತೀರ್ಮಾನಕ್ಕೆ ಬಂದರು: ಕಚ್ಚಾ ಸರಕನ್ನು ಮಾರಿ ಯಂತ್ರಗಳನ್ನು ಕೊಳ್ಳುವ ದೇಶಗಳು ಕಾಲ ಕಳೆದಂತೆ ಅದೇ ಯಂತ್ರಕ್ಕಾಗಿ ಹೆಚ್ಚು ಹೆಚ್ಚು ಚೀಲ ಸರಕನ್ನು ತೆರಬೇಕಾಗುತ್ತದೆ. ಪ್ರೆಬಿಷ್ 1964ರಲ್ಲಿ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನದ, ಅಂದರೆ ಅಂಕ್ಟಾಡ್‌ನ, ಮೊದಲ ಪ್ರಧಾನ ಕಾರ್ಯದರ್ಶಿಯಾದರು. ಅವರು ಸುಧಾರಣಾವಾದಿ. ಆಂಡ್ರೆ ಗುಂಡರ್ ಫ್ರಾಂಕ್ ಇನ್ನೂ ಕಟುವಾಗಿ, ಬಡ ದೇಶಗಳ ಹಿಂದುಳಿದಿರುವಿಕೆ ಎಂಬುದು ಅಭಿವೃದ್ಧಿಗೆ ಮುಂಚಿನ ಹಂತವಲ್ಲ, ಶ್ರೀಮಂತ ದೇಶಗಳ ಅಭಿವೃದ್ಧಿಯ ಮತ್ತೊಂದು ಮುಖ ಎಂದರು.

ಭಾರತೀಯ ಓದುಗರಿಗೆ ಇದು ಹೊಸ ಮಾತಲ್ಲ. ದಾದಾಭಾಯಿ ನವರೋಜಿ 1867ರಲ್ಲೇ ಲಂಡನ್ನಿನಲ್ಲಿ, ಭಾರತದ ಸಂಪತ್ತು ಪ್ರತಿವರ್ಷ ಮರುಪಾವತಿಯಿಲ್ಲದೆ ಬ್ರಿಟನ್ನಿಗೆ ಹರಿದುಹೋಗುತ್ತಿದೆ ಎಂದು ಲೆಕ್ಕ ಇಟ್ಟು ವಾದಿಸಿದ್ದರು. ಪಾಶ್ಚಾತ್ಯ ಪಠ್ಯಪುಸ್ತಕಗಳು ಅವಲಂಬನಾ ಸಿದ್ಧಾಂತವನ್ನು ಲ್ಯಾಟಿನ್ ಅಮೆರಿಕದಿಂದ ಆರಂಭಿಸುವುದು ರೂಢಿ. ನಮ್ಮ ವಿದ್ಯಾರ್ಥಿಗಳು ಅದನ್ನು ಹಾಗೆಯೇ ಬರೆಯುವುದು ನನಗೆ ಸ್ವಲ್ಪ ಬೇಸರದ ಸಂಗತಿ.

ಸಿದ್ಧಾಂತಕ್ಕೆ ದೊಡ್ಡ ಪೆಟ್ಟು ಕೊಟ್ಟದ್ದು ದಕ್ಷಿಣ ಕೊರಿಯಾ ಮತ್ತು ತೈವಾನ್. ಫ್ರಾಂಕ್ ಹೇಳಿದಂತೆ ಬಡ ದೇಶಕ್ಕೆ ಬಿಡುಗಡೆಯೇ ಇಲ್ಲವಾದರೆ ಇವು ಎರಡು ತಲೆಮಾರುಗಳಲ್ಲಿ ಕೈಗಾರಿಕಾ ದೇಶಗಳಾದದ್ದು ಹೇಗೆ? ಮುಕ್ತ ಮಾರುಕಟ್ಟೆಯಿಂದ ಎಂಬ ಉತ್ತರ ಬಹಳ ಕಾಲ ಓಡಾಡಿತು, ಆದರೆ ಅದೂ ನಿಲ್ಲುವುದಿಲ್ಲ. ಭೂಸುಧಾರಣೆ, ಸರ್ಕಾರವೇ ದಿಕ್ಕು ತೋರಿದ ಬ್ಯಾಂಕ್ ಸಾಲ, ಶೀತಲ ಸಮರದ ಕಾರಣಕ್ಕೆ ಹರಿದುಬಂದ ಅಮೆರಿಕದ ನೆರವು ಮತ್ತು ತೆರೆದಿಟ್ಟ ಅಮೆರಿಕದ ಮಾರುಕಟ್ಟೆ ಇವೆಲ್ಲ ಸೇರಿದ್ದವು. ಬ್ರೆಜಿಲ್‌ನ ಫರ್ನಾಂಡೊ ಹೆನ್ರಿಕ್ ಕಾರ್ಡೋಸೊ 1969ರಲ್ಲೇ, ಎಂಜೊ ಫಲೆಟ್ಟೊ ಅವರೊಂದಿಗೆ, ಅವಲಂಬನೆಯ ಒಳಗೂ ಒಂದು ಬಗೆಯ ಅಭಿವೃದ್ಧಿ ಸಾಧ್ಯ, ಅದು ಯಾವ ಬಗೆಯದು ಎಂಬುದನ್ನು ಆಯಾ ದೇಶದ ವರ್ಗಗಳ ಹೊಂದಾಣಿಕೆ ನಿರ್ಧರಿಸುತ್ತದೆ ಎಂದು ಬರೆದಿದ್ದರು. ಅದೇ ಕಾರ್ಡೋಸೊ 1995ರಲ್ಲಿ ಬ್ರೆಜಿಲ್‌ನ ಅಧ್ಯಕ್ಷರಾಗಿ ಖಾಸಗೀಕರಣವನ್ನು ಮುಂದೆ ನಿಂತು ನಡೆಸಿದರು. ಇದನ್ನು ದ್ರೋಹವೆನ್ನುವವರಿದ್ದಾರೆ. ಅವರ ಹಳೆಯ ಬರವಣಿಗೆಯನ್ನು ಗಮನವಿಟ್ಟು ಓದಿದವರಿಗೆ ಅಷ್ಟೊಂದು ಆಶ್ಚರ್ಯವಾಗಲಾರದು.

ವಿಶ್ವವ್ಯವಸ್ಥಾ ಸಿದ್ಧಾಂತದಲ್ಲಿ ಭಾರತಕ್ಕೆ ಯಾವ ಸ್ಥಾನ?

ಇಮ್ಯಾನ್ಯುಯಲ್ ವಾಲರ್‌ಸ್ಟೈನ್ 1974ರಿಂದ ಬರೆಯುತ್ತ ಬಂದ ಗ್ರಂಥಗಳಲ್ಲಿ ಹದಿನಾರನೆಯ ಶತಮಾನದಿಂದ ಈಚೆಗೆ ಇರುವುದು ಒಂದೇ ಬಂಡವಾಳಶಾಹಿ ಲೋಕವ್ಯವಸ್ಥೆ. ಅದರಲ್ಲಿ ಕೇಂದ್ರ, ಅಂಚು ಮತ್ತು ಎರಡರ ನಡುವಿನ ಅರೆ-ಅಂಚು ಎಂಬ ಮೂರು ಸ್ಥಾನಗಳಿವೆ. ಅರೆ-ಅಂಚು ಅಂಚಿನಿಂದ ಹಿಂಡುತ್ತ, ಕೇಂದ್ರಕ್ಕೆ ಹಿಂಡಿಸಿಕೊಳ್ಳುತ್ತ, ಒಟ್ಟು ವ್ಯವಸ್ಥೆಯನ್ನು ಸ್ಥಿರವಾಗಿಡುತ್ತದೆ. ಭಾರತವನ್ನು ಸಾಮಾನ್ಯವಾಗಿ ಇಲ್ಲಿಗೇ ಸೇರಿಸುತ್ತಾರೆ. ಆದರೆ ಇಡೀ ದೇಶಕ್ಕೆ ಒಂದೇ ಚೀಟಿ ಅಂಟಿಸುವುದರಲ್ಲಿ ಹೆಚ್ಚು ಅರ್ಥವಿಲ್ಲ ಎಂದು ನನಗನಿಸುತ್ತದೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಚಿಪ್ ವಿನ್ಯಾಸ ಮಾಡುವ ಕಚೇರಿ, ಹೊಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆ ಮತ್ತು ಸಂಡೂರಿನ ಅದಿರಿನ ಗಣಿ ಒಂದೇ ರಾಜ್ಯದಲ್ಲಿದ್ದರೂ ಲೋಕವ್ಯವಸ್ಥೆಯಲ್ಲಿ ಮೂರಕ್ಕೂ ಒಂದೇ ಸ್ಥಾನವಿಲ್ಲ.

‘ಯಾಜಮಾನ್ಯ’ ಎಂಬ ಪದವೇ ಏಕೆ? ಪ್ರಾಬಲ್ಯ ಅಥವಾ ಅಧಿಪತ್ಯ ಎಂದರೆ ಸಾಲದೇ?

ಸಾಲದು. ಇಟಲಿಯ ಚಿಂತಕ ಆಂಟೋನಿಯೊ ಗ್ರಾಂಶಿ 1926ರಲ್ಲಿ ಮುಸೊಲಿನಿಯ ಸರ್ಕಾರದಿಂದ ಬಂಧಿತರಾಗಿ, ಸೆರೆಯಲ್ಲಿ ಬರೆದ ಟಿಪ್ಪಣಿಗಳಲ್ಲಿ, ಆಳುವ ವರ್ಗ ಬರಿಯ ಬಲದಿಂದ ಆಳುವುದಿಲ್ಲ, ಆಳಿಸಿಕೊಳ್ಳುವವರ ಸಮ್ಮತಿಯಿಂದ ಆಳುತ್ತದೆ ಎಂದು ವಿವರಿಸಿದರು. ಪ್ರಾಬಲ್ಯ ಎಂದರೆ ಬಲ ಮಾತ್ರ ಕಿವಿಗೆ ಬೀಳುತ್ತದೆ. ನಮ್ಮಲ್ಲಿ ಮನೆಯ ಯಜಮಾನರು, ಊರಿನ ಯಜಮಾನರು ಎನ್ನುವಾಗ ಗೌರವ, ಅಂಜಿಕೆ, ರೂಢಿ, ಸ್ವಂತ ಅನುಕೂಲ ಎಲ್ಲವೂ ಬೆರೆತ ಒಂದು ಒಪ್ಪಿಗೆ ಆ ಪದದಲ್ಲಿರುತ್ತದೆ. ಗ್ರಾಂಶಿಗೆ ಬೇಕಾಗಿದ್ದದ್ದು ಇದೇ ಬೆರಕೆ. ಕನ್ನಡದ ಪದ ಇಲ್ಲಿ ಮೂಲಕ್ಕಿಂತ ಒಂದು ಕೈ ಮೇಲೆಯೇ ಇದೆ.

1991ರ ಭಾರತವನ್ನು ನೋಡಿ. ವಿದೇಶಿ ವಿನಿಮಯ ಕರಗಿ ಕೆಲವು ವಾರಗಳ ಆಮದಿಗೆ ಸಾಲುವಷ್ಟು ಉಳಿದಿತ್ತು. ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಲಂಡನ್ನಿಗೆ ಕಳಿಸಿ, ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಿಂದ ಸುಮಾರು 40 ಕೋಟಿ ಡಾಲರ್ ಸಾಲ ಎತ್ತಿತು. ಮನೆಯ ಒಡವೆಯನ್ನು ಅಡವಿಡುವುದು ಏನೆಂದು ಬಲ್ಲ ದೇಶಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ರೂಪಾಯಿಯ ಬೆಲೆಯನ್ನು ಎರಡು ಬಾರಿ ಇಳಿಸಲಾಯಿತು, ಅಂತಾರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಸಾಲದ ಜೊತೆಗೆ ಷರತ್ತುಗಳು ಬಂದವು. ಇದು ಬಲವಂತ ಎಂಬ ವಾದವಿದೆ. ಅಮೆರಿಕದ ಕೈಯಲ್ಲಿ ಐಎಂಎಫ್‌ನ ಶೇಕಡಾ 16ಕ್ಕೂ ಹೆಚ್ಚು ಮತಗಳಿವೆ. ಮುಖ್ಯ ತೀರ್ಮಾನಗಳಿಗೆ ಶೇಕಡಾ 85 ಮತ ಬೇಕಾದ್ದರಿಂದ ಅಮೆರಿಕ ಒಲ್ಲೆನೆಂದರೆ ಅವು ನಿಲ್ಲುತ್ತವೆ. ಆದರೆ ಗ್ರಾಂಶಿಯ ಜಾಡಿನಲ್ಲಿ ನಡೆಯುವವರು ಇಷ್ಟಕ್ಕೇ ನಿಲ್ಲುವುದಿಲ್ಲ. ಲೈಸೆನ್ಸ್ ಪದ್ಧತಿ ಸಾಕೆಂದಿದ್ದ ಉದ್ಯಮಿಗಳು, ಅದೇ ವಿಚಾರಗಳಲ್ಲಿ ತರಬೇತಾಗಿ ಬಂದಿದ್ದ ಅಧಿಕಾರಿಗಳು, ಹೊಸ ಸರಕುಗಳಿಗೆ ಕಾದಿದ್ದ ನಗರದ ಮಧ್ಯಮ ವರ್ಗ ಇವರೆಲ್ಲರೂ ದೇಶದೊಳಗೇ ಇದ್ದರು. ಷರತ್ತು ಹೊರಗಿನಿಂದ ಬಂತು, ಸಮ್ಮತಿ ಒಳಗೆ ಸಿದ್ಧವಾಗಿತ್ತು. ಇವೆರಡನ್ನೂ ಒಟ್ಟಿಗೆ ಹಿಡಿಯಲಾಗದ ವಿವರಣೆ, ಎಡದ್ದಾಗಲಿ ಬಲದ್ದಾಗಲಿ, ಅರ್ಧ ವಿವರಣೆ.

ವಿಶ್ವ ವ್ಯಾಪಾರ ಸಂಸ್ಥೆಯನ್ನು ‘ಹೊಸ ಸಂವಿಧಾನವಾದ’ ಎನ್ನುವುದು ಏಕೆ?

ಕಾಕ್ಸ್ ಅವರ ದಾರಿಯಲ್ಲಿ ಮುಂದುವರಿದ ಸ್ಟೀಫನ್ ಗಿಲ್ ಕೊಟ್ಟ ಹೆಸರಿದು. ಚುನಾವಣೆಯಲ್ಲಿ ಸರ್ಕಾರ ಬದಲಾದರೂ ಬದಲಾಯಿಸಲಾಗದಂತೆ ಆರ್ಥಿಕ ನೀತಿಯನ್ನು ಅಂತಾರಾಷ್ಟ್ರೀಯ ಒಪ್ಪಂದಗಳೊಳಗೆ ಬೀಗ ಹಾಕಿ ಇಡುವುದು ಎಂದು ಅದರ ತಾತ್ಪರ್ಯ. ಕರ್ನಾಟಕದ ರೈತರು ಈ ಹೆಸರನ್ನು ಕೇಳದೆಯೇ ಇದನ್ನು ಗುರುತಿಸಿದ್ದರು. ವಿಶ್ವ ವ್ಯಾಪಾರ ಸಂಸ್ಥೆಗೆ ಮುಂಚೆ ಇದ್ದ ವ್ಯಾಪಾರ ಒಪ್ಪಂದವಾದ ಗ್ಯಾಟ್‌ನ ಮಹಾನಿರ್ದೇಶಕ ಆರ್ಥರ್ ಡಂಕೆಲ್ 1991ರ ಡಿಸೆಂಬರ್‌ನಲ್ಲಿ ಮುಂದಿಟ್ಟ ಕರಡು ‘ಡಂಕೆಲ್ ಪ್ರಸ್ತಾವ’ ಎಂಬ ಹೆಸರಿನಲ್ಲಿ ಹಳ್ಳಿಯ ಸಭೆಗಳವರೆಗೆ ಬಂತು. ಬಿತ್ತನೆ ಬೀಜದ ಮೇಲೆ ಪೇಟೆಂಟ್ ಬರಬಹುದೆಂಬ ಆತಂಕದಲ್ಲಿ ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತಸಂಘದವರು 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿದ್ದ ಬಹುರಾಷ್ಟ್ರೀಯ ಕಂಪನಿ ಕಾರ್ಗಿಲ್‌ನ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆಸೆದರು. 1993ರ ಅಕ್ಟೋಬರ್ 2ರಂದು ಅದೇ ನಗರದಲ್ಲಿ ಬೀಜ ಸತ್ಯಾಗ್ರಹದ ದೊಡ್ಡ ಸಮಾವೇಶ ನಡೆಯಿತು. 1999ರಲ್ಲಿ ನೂರಾರು ರೈತರು ಯುರೋಪಿನುದ್ದಕ್ಕೂ ಜಾಥಾ ಹೋದರು. ಹಸಿರು ಶಾಲು ಹೊದ್ದು ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ನಿಂತ ಆ ಚಿತ್ರವನ್ನು ಗ್ರಾಂಶಿಯ ಜಾಡಿನಲ್ಲಿ ನಡೆದವರು ಬಳಸುವ ‘ಪ್ರತಿಯಾಜಮಾನ್ಯ’ ಎಂಬ ಶಬ್ದಕ್ಕೆ ಉದಾಹರಣೆಯಾಗಿ ಕೊಡಬಹುದು.

ಆದರೂ ಬೀಗ ಎಲ್ಲ ಕಡೆಯೂ ಬಿಗಿಯಾಗಿಲ್ಲ. 2005ರಲ್ಲಿ ಭಾರತ ಔಷಧಗಳಿಗೆ ಉತ್ಪನ್ನ ಪೇಟೆಂಟ್ ಕೊಡಲೇಬೇಕಾಯಿತು. ಅದೇ ತಿದ್ದುಪಡಿಯಲ್ಲಿ, ಹಳೆಯ ಔಷಧವನ್ನೇ ಸ್ವಲ್ಪ ತಿದ್ದಿ ಹೊಸ ಪೇಟೆಂಟ್ ಕೇಳುವುದನ್ನು ತಡೆಯುವ 3(ಡಿ) ಕಲಮನ್ನೂ ಸಂಸತ್ತು ಸೇರಿಸಿತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ರಕ್ತದ ಕ್ಯಾನ್ಸರಿನ ಔಷಧವೊಂದರ ಪೇಟೆಂಟಿಗಾಗಿ ಔಷಧ ಕಂಪನಿ ನೊವಾರ್ಟಿಸ್ ಸಲ್ಲಿಸಿದ್ದ ಅರ್ಜಿಯನ್ನು ತಳ್ಳಿಹಾಕಿದ್ದು ಈ ಕಲಮಿನ ಬಲದಿಂದ. ಗಿಲ್ ಅವರ ಸಿದ್ಧಾಂತವನ್ನು ಉರುಹೊಡೆದು ಒಪ್ಪಿಸುವವರು ಇಂಥ ಸಂದುಗಳನ್ನೂ ನೋಡಬೇಕು.

ಸ್ತ್ರೀವಾದಿಗಳು ಈ ಚರ್ಚೆಗೆ ಸೇರಿಸಿದ್ದು ಏನು?

ಬೆಲೆಯ ಹಿಂದೆ ಕಾಣದೆ ಉಳಿದ ದುಡಿಮೆಯನ್ನು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಆಂಧ್ರದ ಪಶ್ಚಿಮ ಗೋದಾವರಿಯ ನರಸಾಪುರದಲ್ಲಿ ಲೇಸು ಹೆಣೆಯುವ ಹೆಂಗಸರನ್ನು ಅಧ್ಯಯನ ಮಾಡಿ 1982ರಲ್ಲಿ ಪ್ರಕಟಿಸಿದ ಕೃತಿ ಈ ಕ್ಷೇತ್ರದ ತಳಪಾಯಗಳಲ್ಲಿ ಒಂದು. ಆ ಲೇಸು ವಿದೇಶಕ್ಕೆ ಹೋಗುತ್ತಿತ್ತು, ಸುತ್ತಲಿನ ಗಂಡಸರು ಅದರ ವ್ಯಾಪಾರದಲ್ಲಿ ಸಾಹುಕಾರರಾಗುತ್ತಿದ್ದರು. ದಿನವಿಡೀ ಹೆಣೆಯುತ್ತಿದ್ದವರನ್ನು ಮಾತ್ರ ಬಿಡುವಿನ ವೇಳೆಯಲ್ಲಿ ಕೈಗೆಲಸ ಮಾಡುವ ಗೃಹಿಣಿಯರು ಎಂದು ಎಣಿಸಲಾಗುತ್ತಿತ್ತು. ಗೃಹಿಣಿ ಎಂದು ಕರೆದ ಮೇಲೆ ಕೂಲಿಯ ಮಾತೇ ಬರುವುದಿಲ್ಲ. ಮನೆಯ ಜಗಲಿಯಲ್ಲಿ ಬೀಡಿ ಕಟ್ಟುವವರನ್ನು ಕಂಡವರಿಗೆ, ದಕ್ಷಿಣ ಕನ್ನಡದಲ್ಲಿ ಕಾಣದವರೇ ಕಡಿಮೆ, ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲೂ ಹೆಚ್ಚಿನವರು ಹೆಂಗಸರೇ. ಅಮೆರಿಕ, ಯುರೋಪಿನ ಬ್ರ್ಯಾಂಡ್‌ಗಳಿಗೆ ಹೊಲಿಯುವ ಈ ಕಾರ್ಖಾನೆಗಳಲ್ಲಿ ಒಂದು ಲೈನು ಗಂಟೆಗೆ ಎಷ್ಟು ಪೀಸು ಮುಗಿಸಬೇಕು ಎಂಬ ‘ಟಾರ್ಗೆಟ್’ ಬೋರ್ಡಿನ ಮೇಲೆ ಬರೆದಿರುತ್ತದೆ. ಕೊಳ್ಳುವ ಕಂಪನಿ ದೂರದಲ್ಲಿ ಕುಳಿತು ದರ ಮತ್ತು ದಿನಾಂಕವನ್ನು ಗೊತ್ತುಮಾಡುತ್ತದೆ. ಅದರ ಒತ್ತಡ ಕೊನೆಗೆ ಬಂದು ನಿಲ್ಲುವುದು ಈ ಬೋರ್ಡಿನ ಮುಂದೆ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮ ಬಂದಾಗ, 2016ರ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. ದೊಡ್ಡ ಸಂಘಟನೆಯೇನೂ ಕರೆ ಕೊಟ್ಟಿರಲಿಲ್ಲ. ಎರಡನೆಯ ದಿನವೇ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಮಾರುಕಟ್ಟೆಯ ತರ್ಕವನ್ನು ಮಿತಿ ಮೀರಿ ಎಳೆದಾಗ ಸಮಾಜ ತನ್ನನ್ನು ಕಾಪಾಡಿಕೊಳ್ಳಲು ತಿರುಗಿ ಬೀಳುತ್ತದೆ ಎಂದು ಕಾರ್ಲ್ ಪೊಲಾನ್ಯಿ 1944ರಲ್ಲಿ ಹೇಳಿದ್ದ ‘ಇಬ್ಬದಿಯ ಚಲನೆ’ಗೆ ತರಗತಿಯಲ್ಲಿ ನಾನು ಕೊಡುವ ಉದಾಹರಣೆ ಇದು.

ಸೂಸನ್ ಸ್ಟ್ರೇಂಜ್ ವಿಮರ್ಶಾತ್ಮಕ ಸಿದ್ಧಾಂತಿಯೇ?

ಅವರನ್ನು ಯಾವ ಪಂಗಡಕ್ಕೂ ಪೂರ್ತಿ ಸೇರಿಸಲಾಗದು. ಭದ್ರತೆ, ಉತ್ಪಾದನೆ, ಹಣಕಾಸು, ಜ್ಞಾನ ಎಂಬ ನಾಲ್ಕು ರಚನೆಗಳನ್ನು ಯಾರು ರೂಪಿಸುತ್ತಾರೋ ಅವರು ಯಾರಿಗೂ ನೇರವಾಗಿ ಆಜ್ಞೆ ಮಾಡದೆ ಎಲ್ಲರ ಆಯ್ಕೆಗಳನ್ನು ನಿರ್ಧರಿಸುತ್ತಾರೆ ಎಂದರು. ಯಾರಿಗೆ ಲಾಭ ಎಂಬ ಅವರ ಪ್ರಶ್ನೆ ಕಾಕ್ಸ್ ಅವರ ಪ್ರಶ್ನೆಯೇ. ಮಾರ್ಕ್ಸ್‌ವಾದಿ ಪರಿಭಾಷೆ ಮಾತ್ರ ಅವರಿಗೆ ಒಗ್ಗಲಿಲ್ಲ.

ಈ ಸಿದ್ಧಾಂತಗಳ ಮೇಲಿರುವ ಆಕ್ಷೇಪಣೆಗಳು ಯಾವುವು?

ಸಾಮಾನ್ಯವಾಗಿ ಕೇಳಿಬರುವುದು, ಇವು ಅಳೆಯಲಾಗದ ಮಾತುಗಳನ್ನಾಡುತ್ತವೆ, ಏನು ನಡೆದರೂ ಅದನ್ನು ಯಾಜಮಾನ್ಯಕ್ಕೆ ಸೇರಿಸಿಬಿಡುತ್ತವೆ ಎಂಬುದು. ಈ ಆಕ್ಷೇಪಣೆಯಲ್ಲಿ ಹುರುಳಿದೆ. ಸಮ್ಮತಿ ಇದ್ದರೂ ಯಾಜಮಾನ್ಯ, ಪ್ರತಿಭಟನೆ ಇದ್ದರೂ ಯಾಜಮಾನ್ಯ ಎಂದಾದರೆ ಆ ಪದ ಏನನ್ನೂ ವಿವರಿಸುವುದಿಲ್ಲ. ಚೀನಾದ ಏಳಿಗೆಯನ್ನು ಇವುಗಳಲ್ಲಿ ಯಾವುದೂ ಮುಂಚಿತವಾಗಿ ಕಾಣಲಿಲ್ಲ ಎಂಬುದೂ ನಿಜ. ಉದಾರವಾದಿಗಳೂ ಕಂಡಿರಲಿಲ್ಲ ಎನ್ನುವುದು ಸಮಾಧಾನವಾಗಬಹುದೇ ಹೊರತು ಉತ್ತರವಾಗದು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ಕೊರತೆ ಇನ್ನೊಂದು. ವರ್ಗವನ್ನು ಇಷ್ಟು ಸೂಕ್ಷ್ಮವಾಗಿ ನೋಡುವ ಈ ಬರವಣಿಗೆಯಲ್ಲಿ ಜಾತಿ ಬರುವುದೇ ಅಪರೂಪ. ಕಾಫಿಗೇ ಹಿಂತಿರುಗೋಣ. ಇಲ್ಲಿಯವರೆಗೆ ನಾನೂ ‘ಬೆಳೆಗಾರರು’ ಎಂದೇ ಬರೆಯುತ್ತ ಬಂದಿದ್ದೇನೆ. ಕೊಡಗಿನ ತೋಟಗಳ ಲೈನ್‌ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ತಲೆಮಾರುಗಳಿಂದ ಇರುವ ಯರವರು, ಜೇನುಕುರುಬರು ಆ ಪದದಲ್ಲಿ ಇಲ್ಲ. ಅವರಲ್ಲಿ ಅನೇಕ ಕುಟುಂಬಗಳು ಸಾಲದ ಕಾರಣಕ್ಕೆ ತೋಟಕ್ಕೆ ಕಟ್ಟುಬಿದ್ದ ಇತಿಹಾಸವಿದೆ. 2016ರಲ್ಲಿ ದಿಡ್ಡಳ್ಳಿಯ ಕಾಡಿನಂಚಿನಲ್ಲಿ ಗುಡಿಸಲು ಹಾಕಿ, ಡಿಸೆಂಬರ್‌ನಲ್ಲಿ ಅಲ್ಲಿಂದ ಎಬ್ಬಿಸಲ್ಪಟ್ಟ ಆದಿವಾಸಿಗಳಲ್ಲಿ ಬಹುಮಂದಿ ಲೈನ್‌ಮನೆಗಳನ್ನು ಬಿಟ್ಟು ಸ್ವಂತ ನೆಲ ಕೇಳಲು ಬಂದಿದ್ದವರು. ಈಗ ಅದೇ ತೋಟಗಳಲ್ಲಿ ಅಸ್ಸಾಮಿನಿಂದ ಬಂದವರು ಹಣ್ಣು ಕೊಯ್ಯುತ್ತಾರೆ. ಕೇಂದ್ರ ಮತ್ತು ಅಂಚು ಎಂಬ ಗೆರೆ ಲಂಡನ್ನಿಗೂ ಮಡಿಕೇರಿಗೂ ನಡುವೆ ಮಾತ್ರ ಇಲ್ಲ. ತೋಟದ ಬಂಗಲೆಗೂ ಲೈನಿಗೂ ನಡುವೆಯೂ ಇದೆ. ಲಂಡನ್ನಿನ ದರ ಇಳಿದರೆ ಆ ವಾರವೇ ಕೆಲಸ ಕಡಿಮೆಯಾಗಬಹುದು. ಏರಿದರೆ ಕೂಲಿ ಅದೇ ವೇಗದಲ್ಲಿ ಏರುವುದಿಲ್ಲ.

ಈಗಿನ ಯಾವ ವಿಷಯವನ್ನು ಸಂಶೋಧನಾ ಪ್ರಬಂಧಕ್ಕೆ ತೆಗೆದುಕೊಳ್ಳಬಹುದು?

ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಅರಣ್ಯನಾಶ ತಡೆ ನಿಯಮವನ್ನು ಸೂಚಿಸುತ್ತೇನೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್, ಸೋಯಾ ಮುಂತಾದ ಏಳು ಸರಕುಗಳು ಯುರೋಪಿನ ಮಾರುಕಟ್ಟೆಗೆ ಬರುವಂತಿಲ್ಲ. ಪ್ರತಿ ತುಂಡು ಭೂಮಿಯ ಅಕ್ಷಾಂಶ-ರೇಖಾಂಶ ಕೊಡಬೇಕು, 4 ಹೆಕ್ಟೇರಿಗಿಂತ ದೊಡ್ಡದಾದರೆ ಅದರ ಗಡಿಯನ್ನೇ ಗುರುತಿಸಬೇಕು. ಜಾರಿಯ ದಿನಾಂಕ ಮುಂದಕ್ಕೆ ಹೋಗಿದೆ. ಭಾರತದ ಕಾಫಿಗೆ ಇಟಲಿ, ಜರ್ಮನಿಗಳೇ ದೊಡ್ಡ ಗಿರಾಕಿಗಳಾದ್ದರಿಂದ ಕಾಫಿ ಮಂಡಳಿ ಬೆಳೆಗಾರರ ನೋಂದಣಿಗೆ ತೊಡಗಿದೆ. ಮರಗಳ ನೆರಳಿನಲ್ಲೇ ಕಾಫಿ ಬೆಳೆಯುವ ಕೊಡಗು, ಚಿಕ್ಕಮಗಳೂರಿನವರು ಕಾಡು ಕಡಿದಿಲ್ಲ ಎಂದು ಉಪಗ್ರಹಕ್ಕೆ ಸಾಬೀತುಪಡಿಸಬೇಕಾಗಿದೆ.

ಇದನ್ನು ಪರಿಸರದ ಹೆಸರಿನ ವ್ಯಾಪಾರ ತಡೆ ಎಂದು ತಳ್ಳಿಹಾಕುವುದು ಸುಲಭ, ಪರಿಸರದ ಗೆಲುವೆಂದು ಹೊಗಳುವುದೂ ಸುಲಭ. ವಿದ್ಯಾರ್ಥಿಯಾದವರು ತಾಲ್ಲೂಕಿಗೆ ಹೋಗಿ ಕೇಳಬೇಕಾದ ಪ್ರಶ್ನೆಗಳು ಬೇರೆ: ಪಹಣಿಯಲ್ಲಿ ಇನ್ನೂ ತಾತನ ಹೆಸರೇ ಇರುವ, ಕೊಡಗಿನ ಹಳೆಯ ಹಿಡುವಳಿ ಪದ್ಧತಿಯಾದ ಜಮ್ಮಾ ಬಾಣೆಯ ನೆಲದಲ್ಲಿ ಬೆಳೆಯುವ ಕುಟುಂಬ ಯಾವ ದಾಖಲೆಯನ್ನು ತೋರಿಸುತ್ತದೆ, ಅಳತೆಯ ಖರ್ಚನ್ನು ರಫ್ತುದಾರರು ಭರಿಸುತ್ತಾರೋ ಚೀಲದ ದರದಲ್ಲಿ ಹಿಡಿದುಕೊಳ್ಳುತ್ತಾರೋ, ಆ ಭೂಪಟದ ದತ್ತಾಂಶ ಕೊನೆಗೆ ಯಾರ ಬಳಿ ಉಳಿಯುತ್ತದೆ, ನಿಯಮ ಬರೆಯುವಾಗ ಬ್ರಸೆಲ್ಸ್‌ನಲ್ಲಿ ಯಾರನ್ನು ಕರೆದು ಕೇಳಲಾಯಿತು. ಕೊಯ್ಲು ಮುಗಿದು, ಕಣದಲ್ಲಿ ಚೆರಿ ಒಣಗುತ್ತಿರುವ ಫೆಬ್ರುವರಿಯಲ್ಲಿ ಹೋದರೆ ಮಾತನಾಡಲು ಜನರಿಗೂ ಸ್ವಲ್ಪ ಬಿಡುವಿರುತ್ತದೆ.